ಸಹಸಂಬಂಧ ಗುಣಾಂಕ

ಸಹಸಂಬಂಧ ಗುಣಾಂಕ ಎಂಬುದು ಎರಡು ಚಲಕಗಳು ಒಂದರೊಡನೊಂದು ಎಷ್ಟರಮಟ್ಟಿಗೆ ಹೊಂದಿಕೊಂಡು ಏರಿಳಿಯುತ್ತವೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ತಿಳಿಸುವ ಸಂಖ್ಯಾಶಾಸ್ತ್ರೀಯ ಅಳತೆ. ಇದರ ಬೆಲೆ −1 ಮತ್ತು +1ರ ನಡುವೆ ಇರುತ್ತದೆ. ಒಂದು ಚಲಕ ಹೆಚ್ಚಿದಂತೆ ಇನ್ನೊಂದೂ ಹೆಚ್ಚುವ ಪ್ರವೃತ್ತಿ ಇದ್ದರೆ ಗುಣಾಂಕ ಧನಾತ್ಮಕವಾಗಿಯೂ, ಒಂದು ಹೆಚ್ಚಿದಂತೆ ಇನ್ನೊಂದು ತಗ್ಗುವ ಪ್ರವೃತ್ತಿ ಇದ್ದರೆ ಋಣಾತ್ಮಕವಾಗಿಯೂ ಇರುತ್ತದೆ. ಸರಳರೇಖೆಯ ರೂಪದ ಸಂಬಂಧ ಇಲ್ಲದಿದ್ದಾಗ ಅದು ಸೊನ್ನೆಯ ಸಮೀಪದಲ್ಲಿರುತ್ತದೆ. ಇದನ್ನು ಇಂಗ್ಲಿಷಿನ ‘ಆರ್’ ಎಂಬ ಸಣ್ಣಕ್ಷರದಿಂದ ಸೂಚಿಸುವುದು ವಾಡಿಕೆ.

ಪಠ್ಯಪುಸ್ತಕಗಳಲ್ಲಿ ಇದು ಸಾಮಾನ್ಯವಾಗಿ ‘ಕಾರ್ಲ್ ಪಿಯರ್ಸನ್‌ರ ಸಹಸಂಬಂಧ ಗುಣಾಂಕ’ ಎಂದು ಪರಿಚಿತವಾಗಿದೆ. ಆದರೆ ಈ ಅಳತೆ ಒಬ್ಬರಿಂದ ಹುಟ್ಟಿದ್ದಲ್ಲ. ಇದರ ಮೂಲ ಕಲ್ಪನೆ ಹಾಗೂ ‘ಆರ್’ ಎಂಬ ಸಂಕೇತ ಫ್ರಾನ್ಸಿಸ್ ಗಾಲ್ಟನ್ (1822–1911) ಅವರದು. ‘ಸಹಸಂಬಂಧ ಗುಣಾಂಕ’ ಎಂಬ ಹೆಸರು ಫ್ರಾನ್ಸಿಸ್ ಎಜ್‌ವರ್ತ್ (1845–1926) ಅವರದು. ಇಂದು ಬಳಕೆಯಲ್ಲಿರುವ ಸೂತ್ರವನ್ನು ಸಿದ್ಧಾಂತವಾಗಿ ನೆಲೆಗೊಳಿಸಿದವರು ಕಾರ್ಲ್ ಪಿಯರ್ಸನ್ (1857–1936). ಆ ಸೂತ್ರದ ಒಂದು ಅಂಶವಂತೂ ಇವರೆಲ್ಲರಿಗಿಂತ ಮೊದಲೇ ಫ್ರಾನ್ಸಿನ ಆಗಸ್ಟ್ ಬ್ರಾವೇ (1811–1863) ಅವರ ಬರಹದಲ್ಲಿ ಕಾಣಿಸಿಕೊಂಡಿತ್ತು.

## ಪದದ ಅರ್ಥ

‘ಸಹಸಂಬಂಧ’ ಎಂಬುದು ಇಂಗ್ಲಿಷಿನ ‘ಕೋರಿಲೇಷನ್’ ಪದಕ್ಕೆ ಕನ್ನಡದಲ್ಲಿ ರೂಢಿಯಲ್ಲಿರುವ ಸಮಾನಪದ. ‘ಸಹ’ ಮತ್ತು ‘ಸಂಬಂಧ’ ಎಂಬ ಎರಡು ಭಾಗಗಳು ಮೂಲಪದದ ಎರಡು ಭಾಗಗಳಿಗೆ ನೇರವಾಗಿ ಹೊಂದುತ್ತವೆ. ‘ಪರಸ್ಪರ ಸಂಬಂಧ’ ಎಂಬ ರೂಪವೂ ಬಳಕೆಯಲ್ಲಿದೆ.

ಇಂಗ್ಲಿಷಿನಲ್ಲಿಯೂ ಈ ಪದ ಸಂಖ್ಯಾಶಾಸ್ತ್ರಕ್ಕಿಂತ ಹಳೆಯದು. ಭೌತವಿಜ್ಞಾನಿ ವಿಲಿಯಂ ಗ್ರೋವ್ 1846ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶಾಖ, ಬೆಳಕು, ವಿದ್ಯುತ್ತು ಮೊದಲಾದ ಶಕ್ತಿಗಳ ನಡುವಿನ ನಂಟನ್ನು ಇದೇ ಪದದಿಂದ ಕರೆದಿದ್ದರು. ಚಾರ್ಲ್ಸ್ ಡಾರ್ವಿನ್ ಅವರು ಜೀವಿಯ ಒಂದು ಅಂಗ ಬದಲಾದಾಗ ಇನ್ನೊಂದೂ ಬದಲಾಗುವುದನ್ನು ಬೆಳವಣಿಗೆಯ ಸಹಸಂಬಂಧ ಎಂದು ಹೆಸರಿಸಿದ್ದರು. ಹೀಗೆ ಪದವು ಮೊದಲೇ ಇತ್ತು. ಅದನ್ನು ಅಳೆಯುವ ಉಪಾಯ ಇರಲಿಲ್ಲ. ಗಾಲ್ಟನ್ ಅವರು 1888ರ ಲೇಖನದ ಶೀರ್ಷಿಕೆಯಲ್ಲಿ ಪದವನ್ನು ಎರಡಾಗಿ ಒಡೆದು, ನಡುವೆ ಅಡ್ಡಗೆರೆ ಇಟ್ಟು ‘ಕೋ-ರಿಲೇಷನ್’ ಎಂದು ಬರೆದರು. ಮುಂದೆ ಆ ಅಡ್ಡಗೆರೆ ಬಿಟ್ಟುಹೋಗಿ ಹಳೆಯ ಕಾಗುಣಿತವೇ ನೆಲೆಗೊಂಡಿತು.

## ಲೆಕ್ಕ ಹಾಕುವ ಕ್ರಮ

ಗುಣಾಂಕವನ್ನು ಹೀಗೆ ಪಡೆಯುತ್ತಾರೆ:

1. ಪ್ರತಿಯೊಂದು ಚಲಕದ ಸರಾಸರಿಯನ್ನು ಕಂಡುಹಿಡಿಯುವುದು.
2. ಪ್ರತಿಯೊಂದು ಬೆಲೆಯಿಂದ ಆಯಾ ಸರಾಸರಿಯನ್ನು ಕಳೆದು ವಿಚಲನೆಯನ್ನು ಪಡೆಯುವುದು.
3. ಜೊತೆಯಾದ ಎರಡೆರಡು ವಿಚಲನೆಗಳನ್ನು ಗುಣಿಸಿ, ಗುಣಲಬ್ಧಗಳನ್ನು ಕೂಡುವುದು.
4. ಎರಡೂ ಚಲಕಗಳ ವಿಚಲನೆಗಳ ವರ್ಗಗಳನ್ನು ಪ್ರತ್ಯೇಕವಾಗಿ ಕೂಡಿ, ಆ ಎರಡು ಮೊತ್ತಗಳ ಗುಣಲಬ್ಧದ ವರ್ಗಮೂಲವನ್ನು ತೆಗೆಯುವುದು.
5. ಮೂರನೆಯ ಹಂತದ ಮೊತ್ತವನ್ನು ನಾಲ್ಕನೆಯ ಹಂತದ ವರ್ಗಮೂಲದಿಂದ ಭಾಗಿಸುವುದು.

ಉದಾಹರಣೆಗೆ, ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ರೇಷ್ಮೆ ಬೆಳೆಯುವ ಮನೆಗಳಿಗೆ ಚಿರಪರಿಚಿತವಾದ ರೇಷ್ಮೆಗೂಡನ್ನು ತೆಗೆದುಕೊಳ್ಳಬಹುದು. ಗೂಡಿನ ಒಟ್ಟು ತೂಕದಲ್ಲಿ ಹೆಚ್ಚಿನ ಪಾಲು ಒಳಗಿರುವ ಪ್ಯೂಪದ್ದು. ಪ್ಯೂಪವನ್ನು ತೆಗೆದ ಮೇಲೆ ಉಳಿಯುವ ಕವಚವೇ ನೂಲಿನ ಮೂಲ. ಲೆಕ್ಕವನ್ನು ತೋರಿಸುವ ಸಲುವಾಗಿಯೇ ಕಲ್ಪಿಸಿಕೊಂಡ ಐದು ಗೂಡುಗಳ ಅಂಕಿಗಳು ಇವು:

| ಗೂಡು | ಗೂಡಿನ ತೂಕ, ಗ್ರಾಂ | ಕವಚದ ತೂಕ, ಸೆಂಟಿಗ್ರಾಂ | ಗೂಡಿನ ವಿಚಲನೆ | ಕವಚದ ವಿಚಲನೆ | ಗುಣಲಬ್ಧ |
|---|---|---|---|---|---|
| 1 | 1.4 | 24 | −0.2 | −5 | 1.0 |
| 2 | 1.5 | 28 | −0.1 | −1 | 0.1 |
| 3 | 1.6 | 27 | 0 | −2 | 0 |
| 4 | 1.7 | 33 | 0.1 | 4 | 0.4 |
| 5 | 1.8 | 33 | 0.2 | 4 | 0.8 |

ಗೂಡಿನ ಸರಾಸರಿ ತೂಕ 1.6 ಗ್ರಾಂ, ಕವಚದ ಸರಾಸರಿ ತೂಕ 29 ಸೆಂಟಿಗ್ರಾಂ. ಗುಣಲಬ್ಧಗಳ ಮೊತ್ತ 2.3. ವಿಚಲನೆಗಳ ವರ್ಗಗಳ ಮೊತ್ತ ಕ್ರಮವಾಗಿ 0.10 ಮತ್ತು 62. ಇವುಗಳ ಗುಣಲಬ್ಧ 6.2; ಅದರ ವರ್ಗಮೂಲ ಸುಮಾರು 2.49. ಆದ್ದರಿಂದ ಗುಣಾಂಕ 2.3 ÷ 2.49, ಅಂದರೆ ಸುಮಾರು 0.92. ಈ ಐದು ಗೂಡುಗಳ ಮಟ್ಟಿಗೆ ತೂಕದ ಗೂಡಿನಲ್ಲಿ ಕವಚವೂ ತೂಕವಾಗಿದೆ ಎಂದು ಇದರ ಅರ್ಥ.

ಸರಾಸರಿಗಿಂತ ಹೆಚ್ಚಿನ ಬೆಲೆಗಳು ಹೆಚ್ಚಿನವುಗಳೊಡನೆ, ಕಡಿಮೆ ಬೆಲೆಗಳು ಕಡಿಮೆಯವುಗಳೊಡನೆ ಜೊತೆಗೂಡಿದರೆ ಗುಣಲಬ್ಧಗಳು ಧನಾತ್ಮಕವಾಗಿ ಮೊತ್ತ ಬೆಳೆಯುತ್ತದೆ. ಹೆಚ್ಚಿನದು ಕಡಿಮೆಯದರೊಡನೆ ಜೊತೆಗೂಡಿದರೆ ಮೊತ್ತ ಋಣಾತ್ಮಕವಾಗುತ್ತದೆ. ಐದನೆಯ ಹಂತದ ಭಾಗಾಕಾರವು ಮಾನಗಳನ್ನು ಕಳಚಿಹಾಕುತ್ತದೆ. ಕವಚವನ್ನು ಸೆಂಟಿಗ್ರಾಂನ ಬದಲು ಮಿಲಿಗ್ರಾಂನಲ್ಲಿ ತೂಗಿದರೂ ಉತ್ತರ 0.92 ಆಗಿಯೇ ಉಳಿಯುತ್ತದೆ. ಚನ್ನಪಟ್ಟಣದ ಅರಗಿನ ಗೊಂಬೆಗಳ ಎತ್ತರ ಮತ್ತು ಸುತ್ತಳತೆಯ ಸಹಸಂಬಂಧವೂ ಅಂಗುಲದಲ್ಲಿ ಅಳೆದರೂ ಸೆಂಟಿಮೀಟರಿನಲ್ಲಿ ಅಳೆದರೂ ಒಂದೇ. ಮಾನಗಳಿಂದ ಸಿಕ್ಕ ಈ ಬಿಡುಗಡೆಯೇ ಗಾಲ್ಟನ್ ಅವರ ಮುಖ್ಯ ಸಾಧನೆಯಾಗಿತ್ತು.

## ಇತಿಹಾಸ

### ಗಾಲ್ಟನ್ ಅವರಿಗೆ ಮೊದಲು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಖಗೋಳ ವೀಕ್ಷಣೆ ಹಾಗೂ ಭೂಮಾಪನದಲ್ಲಿ ಆಗುವ ದೋಷಗಳನ್ನು ನಿಭಾಯಿಸಲು ಗಣಿತಜ್ಞರು ದೋಷಸಿದ್ಧಾಂತವನ್ನು ಬೆಳೆಸಿದರು. ಅದೇ ಪರಂಪರೆಯಲ್ಲಿ ಬ್ರಾವೇ ಅವರು 1846ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ, ಒಂದು ಬಿಂದುವಿನ ಸ್ಥಾನವನ್ನು ಗುರುತಿಸುವಾಗ ಅದರ ನಿರ್ದೇಶಾಂಕಗಳಲ್ಲಿ ಒಟ್ಟಿಗೆ ಉಂಟಾಗುವ ದೋಷಗಳನ್ನು ವಿಶ್ಲೇಷಿಸಿದರು. ಅವರ ಸಮೀಕರಣದಲ್ಲಿ ಎರಡು ದೋಷಗಳ ಗುಣಲಬ್ಧವನ್ನು ಒಳಗೊಂಡ ಪದವಿತ್ತು. ಆದರೆ ಬ್ರಾವೇ ಅವರಿಗೆ ಬೇಕಾಗಿದ್ದುದು ಬಿಂದುವಿನ ಸರಿಯಾದ ಸ್ಥಾನ. ದೋಷಗಳ ನಡುವಿನ ಸಂಬಂಧ ಅವರ ಅಧ್ಯಯನದ ವಸ್ತುವಾಗಿರಲಿಲ್ಲ. ಆ ಪದಕ್ಕೆ ಅವರು ಪ್ರತ್ಯೇಕ ಹೆಸರನ್ನೂ ಕೊಡಲಿಲ್ಲ.

### ಬಟಾಣಿ ಬೀಜಗಳು ಮತ್ತು ‘ಆರ್’ ಅಕ್ಷರ

ಡಾರ್ವಿನ್ ಅವರ ಬಂಧುವಾದ ಗಾಲ್ಟನ್ ಅವರಿಗೆ ಇದ್ದ ಪ್ರಶ್ನೆ ಆನುವಂಶಿಕತೆಯದು. ತಂದೆತಾಯಿಯ ಗುಣ ಮಕ್ಕಳಿಗೆ ಎಷ್ಟು ಪಾಲು ಬರುತ್ತದೆ ಎಂಬುದನ್ನು ಅವರು ಅಳೆಯಬಯಸಿದರು. 1875ರಲ್ಲಿ ಅವರು ಸಿಹಿಬಟಾಣಿ ಬೀಜಗಳನ್ನು ಗಾತ್ರಕ್ಕೆ ತಕ್ಕಂತೆ ಏಳು ವರ್ಗಗಳಾಗಿ ವಿಂಗಡಿಸಿ, ಪೊಟ್ಟಣ ಕಟ್ಟಿ, ಬಿತ್ತಿ ಬೆಳೆಯುವಂತೆ ಗೆಳೆಯರಿಗೆ ಹಂಚಿದರು. ಮರಳಿ ಬಂದ ಬೀಜಗಳನ್ನು ಅಳೆದಾಗ ಒಂದು ಸಂಗತಿ ಎದ್ದುಕಂಡಿತು. ದೊಡ್ಡ ಬೀಜಗಳ ಸಂತತಿ ಸರಾಸರಿಗಿಂತ ದೊಡ್ಡದೇ ಆಗಿದ್ದರೂ ತಾಯಿಬೀಜದಷ್ಟು ದೊಡ್ಡದಾಗಿರಲಿಲ್ಲ. ಸಣ್ಣ ಬೀಜಗಳ ಸಂತತಿಯೂ ಹಾಗೆಯೇ ಸರಾಸರಿಯ ಕಡೆಗೆ ಸರಿದಿತ್ತು. ತಾಯಿಬೀಜದ ವಿಚಲನೆಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಸಂತತಿಯಲ್ಲಿ ಉಳಿದಿತ್ತು.

1877ರ ಉಪನ್ಯಾಸದಲ್ಲಿ ಗಾಲ್ಟನ್ ಈ ಮರಳುವಿಕೆಯನ್ನು ‘ರಿವರ್ಷನ್’ ಎಂದು ಕರೆದು, ಅದರ ಪ್ರಮಾಣವನ್ನು ಆ ಪದದ ಮೊದಲ ಅಕ್ಷರದಿಂದ ಸೂಚಿಸಿದರು. ಮುಂದೆ ಮನುಷ್ಯರ ಎತ್ತರದ ಅಧ್ಯಯನದಲ್ಲಿ ಅವರು 205 ದಂಪತಿಗಳ ಹಾಗೂ ವಯಸ್ಕರಾದ ಅವರ 928 ಮಕ್ಕಳ ಎತ್ತರವನ್ನು ಹೋಲಿಸಿದರು. ಅಲ್ಲಿ ತಂದೆತಾಯಿಯರ ಸರಾಸರಿ ಎತ್ತರದ ವಿಚಲನೆಯ ಮೂರನೆಯ ಎರಡು ಪಾಲು ಮಕ್ಕಳಲ್ಲಿ ಉಳಿಯುವುದು ಕಂಡಿತು. ಈ ವೇಳೆಗೆ ಅವರು ‘ರಿವರ್ಷನ್’ ಪದವನ್ನು ಬಿಟ್ಟು ‘ರಿಗ್ರೆಷನ್’, ಅಂದರೆ ಹಿಂಚಲನೆ, ಎಂಬ ಪದವನ್ನು ಹಿಡಿದಿದ್ದರು. ಎರಡೂ ಪದಗಳ ಮೊದಲ ಅಕ್ಷರ ಒಂದೇ ಆದ್ದರಿಂದ ಸಂಕೇತ ಬದಲಾಗಲಿಲ್ಲ. ಇಂದು ‘ಆರ್’ ಎಂಬುದು ಕೋರಿಲೇಷನ್ ಪದದ ನಡುವಿನ ಅಕ್ಷರವೆಂದು ಅನೇಕರು ತಿಳಿಯುವುದುಂಟು. ವಾಸ್ತವದಲ್ಲಿ ಅದು ಬಟಾಣಿ ಪ್ರಯೋಗದ ಕಾಲದಿಂದ ಉಳಿದುಬಂದ ಗುರುತು.

### 1888ರ ಲೇಖನ

1884ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಆರೋಗ್ಯ ಪ್ರದರ್ಶನದಲ್ಲಿ ಗಾಲ್ಟನ್ ಮಾನವಮಿತಿ ಪ್ರಯೋಗಾಲಯವೊಂದನ್ನು ತೆರೆದರು. ಸಂದರ್ಶಕರು ಮೂರು ಪೆನ್ನಿ ಶುಲ್ಕ ಕೊಟ್ಟು ತಮ್ಮ ಎತ್ತರ, ತೂಕ, ಉಸಿರಿನ ಬಲ, ದೃಷ್ಟಿ ಮೊದಲಾದವನ್ನು ಅಳೆಸಿಕೊಳ್ಳುತ್ತಿದ್ದರು. ಇಂತಹ ಅಳತೆಗಳು ಕೈಗೆ ಬಂದಮೇಲೆ, ಬೇರೆಬೇರೆ ಎಂದು ತೋರುತ್ತಿದ್ದ ಮೂರು ಪ್ರಶ್ನೆಗಳು ಒಂದೇ ಎಂಬುದು ಗಾಲ್ಟನ್ ಅವರಿಗೆ ಹೊಳೆಯಿತು. ಮೊದಲನೆಯದು, ಸಮಾಧಿಯಲ್ಲಿ ದೊರೆತ ತೊಡೆಮೂಳೆಯಿಂದ ಆ ವ್ಯಕ್ತಿಯ ಎತ್ತರವನ್ನು ಅಂದಾಜು ಮಾಡುವುದು. ಎರಡನೆಯದು, ದೇಹದ ಹಲವು ಅಳತೆಗಳಿಂದ ಅಪರಾಧಿಗಳನ್ನು ಗುರುತಿಸುವ ಬರ್ಟಿಲ್ಯೋನ್ ಪದ್ಧತಿಯಲ್ಲಿ ಆ ಅಳತೆಗಳು ಒಂದನ್ನೊಂದು ಅವಲಂಬಿಸದೆ ಇವೆಯೇ ಎಂಬುದು. ಮೂರನೆಯದು, ಬಂಧುಗಳ ನಡುವಿನ ಹೋಲಿಕೆ. ಮೂರರಲ್ಲಿಯೂ ಕೇಳಬೇಕಾದದ್ದು, ಒಂದು ಅಳತೆ ತಿಳಿದರೆ ಇನ್ನೊಂದರ ಬಗ್ಗೆ ಎಷ್ಟು ಹೇಳಬಹುದು ಎಂಬುದೇ.

ಇದಕ್ಕೆ ಅಡ್ಡಿಯಾಗಿದ್ದುದು ಮಾನಗಳ ಭೇದ. ಸುಮಾರು 350 ವಯಸ್ಕ ಪುರುಷರ ಅಳತೆಗಳಲ್ಲಿ, ಎತ್ತರ ಒಂದು ಅಂಗುಲ ಹೆಚ್ಚಾದರೆ ಮೊಳದ ಉದ್ದ, ಅಂದರೆ ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ, ಸರಾಸರಿ 0.26 ಅಂಗುಲ ಮಾತ್ರ ಹೆಚ್ಚುತ್ತಿತ್ತು. ತಿರುಗಿಸಿ ನೋಡಿದರೆ, ಮೊಳ ಒಂದು ಅಂಗುಲ ಹೆಚ್ಚಾದಾಗ ಎತ್ತರ ಸುಮಾರು 2.5 ಅಂಗುಲ ಹೆಚ್ಚುತ್ತಿತ್ತು. ಒಂದೇ ಸಂಬಂಧಕ್ಕೆ ಎರಡು ಉತ್ತರಗಳು ಬಂದವು. ಎತ್ತರಗಳ ಹರವು ದೊಡ್ಡದು, ಮೊಳಗಳ ಹರವು ಚಿಕ್ಕದು ಎಂಬುದೇ ಇದಕ್ಕೆ ಕಾರಣ. ಗಾಲ್ಟನ್ ಪ್ರತಿಯೊಂದು ಅಳತೆಯನ್ನೂ ಅದರದೇ ಹರವಿನಿಂದ ಭಾಗಿಸಿದರು. ಹರವಿಗೆ ಅವರು ಬಳಸಿದ್ದು ಚತುರ್ಥಕಗಳ ಆಧಾರದ ಅಳತೆ. ಅದು ಎತ್ತರಕ್ಕೆ 1.75 ಅಂಗುಲ, ಮೊಳಕ್ಕೆ 0.56 ಅಂಗುಲ. ಹೀಗೆ ಭಾಗಿಸಿದಾಗ ಎರಡು ದಿಕ್ಕಿನಿಂದಲೂ ಒಂದೇ ಉತ್ತರ ಬಂದಿತು: 0.8.

ಈ ಫಲಿತಾಂಶವನ್ನು ಅವರು 1888ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಆ ಲೇಖನದಲ್ಲಿ ಕೊಟ್ಟ ಇತರ ಬೆಲೆಗಳಲ್ಲಿ ಕೆಲವು:

* ಎತ್ತರ ಮತ್ತು ಮೊಣಕಾಲಿನ ಎತ್ತರ: 0.9
* ಮೊಳ ಮತ್ತು ನಡುಬೆರಳಿನ ಉದ್ದ: 0.85
* ಎತ್ತರ ಮತ್ತು ನಡುಬೆರಳಿನ ಉದ್ದ: 0.7
* ತಲೆಯ ಉದ್ದ ಮತ್ತು ಅಗಲ: 0.45
* ಎತ್ತರ ಮತ್ತು ತಲೆಯ ಉದ್ದ: 0.35

### ‘ಗಾಲ್ಟನ್ ಫಲನ’ದಿಂದ ‘ಸಹಸಂಬಂಧ ಗುಣಾಂಕ’ಕ್ಕೆ

ಗಾಲ್ಟನ್ ಅವರ ವಿಧಾನವನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಪ್ರಾಣಿಶಾಸ್ತ್ರಜ್ಞ ರಾಫೆಲ್ ವೆಲ್ಡನ್ (1860–1906) ಮುಖ್ಯರು. ಅವರು ಸಿಗಡಿಗಳ ದೇಹದ ಭಾಗಗಳನ್ನು ಅಳೆದು, ಆ ಭಾಗಗಳ ನಡುವಿನ ಸಂಬಂಧವನ್ನು ಲೆಕ್ಕ ಹಾಕಿದರು. ಅಳತೆಗೆ ಅವರು ಕೊಟ್ಟ ಹೆಸರು ‘ಗಾಲ್ಟನ್ ಫಲನ’. ಆ ಹೆಸರೇ ನಿಂತಿದ್ದರೆ ಇಂದಿನ ಪಠ್ಯಪುಸ್ತಕಗಳಲ್ಲಿ ಪಿಯರ್ಸನ್ ಬದಲು ಗಾಲ್ಟನ್ ಇರುತ್ತಿದ್ದರು.

ಅರ್ಥಶಾಸ್ತ್ರಜ್ಞರೂ ಆಗಿದ್ದ ಎಜ್‌ವರ್ತ್ 1892ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎರಡಕ್ಕಿಂತ ಹೆಚ್ಚು ಚಲಕಗಳ ಗಣಿತವನ್ನು ವಿಸ್ತರಿಸಿದರು. ಅಲ್ಲಿಯೇ ‘ಸಹಸಂಬಂಧ ಗುಣಾಂಕ’ ಎಂಬ ಹೆಸರನ್ನು ಬಳಸಿದರು. ವ್ಯಕ್ತಿಯ ಹೆಸರಿನ ಬದಲು ಕೆಲಸವನ್ನು ಹೇಳುವ ಈ ಹೆಸರು ಉಳಿದುಕೊಂಡಿತು.

### ಪಿಯರ್ಸನ್ ಅವರ ಸೂತ್ರ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅನ್ವಯಿಕ ಗಣಿತದ ಪ್ರಾಧ್ಯಾಪಕರಾಗಿದ್ದ ಪಿಯರ್ಸನ್, ಗಾಲ್ಟನ್ ಅವರ 1889ರ ಗ್ರಂಥದಿಂದಲೂ ಸಹೋದ್ಯೋಗಿ ವೆಲ್ಡನ್ ಅವರ ಪ್ರಶ್ನೆಗಳಿಂದಲೂ ಪ್ರೇರಿತರಾಗಿ ಈ ಕ್ಷೇತ್ರಕ್ಕೆ ಬಂದರು. 1895ರಲ್ಲಿ ರಾಯಲ್ ಸೊಸೈಟಿಯಲ್ಲಿ ಓದಲಾಗಿ 1896ರಲ್ಲಿ ಪ್ರಕಟವಾದ ದೀರ್ಘ ಪ್ರಬಂಧದಲ್ಲಿ ಅವರು ಮಧ್ಯಾಂಕ ಮತ್ತು ಚತುರ್ಥಕಗಳನ್ನು ಕೈಬಿಟ್ಟು, ಸರಾಸರಿ ಮತ್ತು ಮಾನಕ ವಿಚಲನೆಯ ಆಧಾರದ ಮೇಲೆ ಗುಣಾಂಕವನ್ನು ಪಡೆಯುವ ಸೂತ್ರವನ್ನು ಮಂಡಿಸಿದರು. ಪ್ರಸಾಮಾನ್ಯ ವಿತರಣೆಯಲ್ಲಿ ಈ ಸೂತ್ರದಿಂದ ಬರುವ ಬೆಲೆಯೇ ಅತ್ಯುತ್ತಮ ಎಂದು ವಾದಿಸಿದರು. ಮೇಲಿನ ರೇಷ್ಮೆಗೂಡಿನ ಲೆಕ್ಕ ಇದೇ ಸೂತ್ರವನ್ನು ಅನುಸರಿಸಿದೆ.

ಈ ಸೂತ್ರಕ್ಕೆ ‘ಪ್ರಾಡಕ್ಟ್ ಮೊಮೆಂಟ್’ ಎಂಬ ವಿಶೇಷಣ ಸೇರಿತು. ‘ಪ್ರಾಡಕ್ಟ್’ ಎಂದರೆ ಇಲ್ಲಿ ವಿಚಲನೆಗಳ ಗುಣಲಬ್ಧ. ‘ಮೊಮೆಂಟ್’ ಎಂಬುದು ಯಂತ್ರಶಾಸ್ತ್ರದಿಂದ ಬಂದ ಪದ. ಸನ್ನೆಕೋಲಿನಲ್ಲಿ ಭಾರವನ್ನು ಆಧಾರಬಿಂದುವಿನಿಂದ ಇರುವ ದೂರದಿಂದ ಗುಣಿಸುವಂತೆ, ಇಲ್ಲಿ ಸರಾಸರಿಯಿಂದ ಇರುವ ದೂರಗಳನ್ನು ಗುಣಿಸಲಾಗುತ್ತದೆ.

### ಶ್ರೇಯಸ್ಸಿನ ಪ್ರಶ್ನೆ

ತಮ್ಮ ಪ್ರಬಂಧದಲ್ಲಿ ಪಿಯರ್ಸನ್ ಅವರು ಈ ವಿಷಯದ ಮೂಲಭೂತ ಪ್ರಮೇಯಗಳ ಶ್ರೇಯಸ್ಸನ್ನು ಬ್ರಾವೇ ಅವರಿಗೆ ಕೊಟ್ಟಿದ್ದರು. ಹೀಗಾಗಿ ಕೆಲವು ಕೃತಿಗಳಲ್ಲಿ ಇಂದಿಗೂ ‘ಬ್ರಾವೇ–ಪಿಯರ್ಸನ್ ಗುಣಾಂಕ’ ಎಂಬ ಹೆಸರು ಕಾಣಸಿಗುತ್ತದೆ. ಆದರೆ 1920ರಲ್ಲಿ ಸಹಸಂಬಂಧದ ಇತಿಹಾಸವನ್ನು ಕುರಿತು ಬರೆದ ಲೇಖನದಲ್ಲಿ ಪಿಯರ್ಸನ್ ತಮ್ಮ ಮೊದಲಿನ ಮಾತನ್ನು ಹಿಂತೆಗೆದುಕೊಂಡರು. ಬ್ರಾವೇ ಅವರ ಸಮೀಕರಣದಲ್ಲಿ ಗುಣಲಬ್ಧದ ಪದವಿದ್ದರೂ ಸಹಸಂಬಂಧದ ಕಲ್ಪನೆ ಇರಲಿಲ್ಲ, ಅದು ಗಾಲ್ಟನ್ ಅವರಿಂದಲೇ ಬಂದಿತು ಎಂಬುದು ಅವರ ನಂತರದ ನಿಲುವು.

ವಿಜ್ಞಾನದಲ್ಲಿ ಒಂದು ಶೋಧಕ್ಕೆ ಮೂಲ ಶೋಧಕರ ಹೆಸರು ಬರುವುದು ಅಪರೂಪ ಎಂಬ ಮಾತನ್ನು ಸಂಖ್ಯಾಶಾಸ್ತ್ರದ ಇತಿಹಾಸಕಾರ ಸ್ಟೀಫನ್ ಸ್ಟಿಗ್ಲರ್ 1980ರಲ್ಲಿ ಒಂದು ನಿಯಮವಾಗಿಯೇ ಮಂಡಿಸಿದರು. ಸಹಸಂಬಂಧ ಗುಣಾಂಕವು ಅದಕ್ಕೆ ಒಪ್ಪುವ ಉದಾಹರಣೆಗಳಲ್ಲಿ ಒಂದು.

## ಭಾರತದಲ್ಲಿ

ಗಾಲ್ಟನ್, ಪಿಯರ್ಸನ್ ಮತ್ತು ವೆಲ್ಡನ್ 1901ರಲ್ಲಿ ಆರಂಭಿಸಿದ ‘ಬಯೋಮೆಟ್ರಿಕಾ’ ಪತ್ರಿಕೆಯ ಮೂಲಕ ಈ ವಿಧಾನಗಳು ಭಾರತಕ್ಕೆ ಬಂದವು. ಕೇಂಬ್ರಿಜ್‌ನಲ್ಲಿ ಭೌತವಿಜ್ಞಾನ ಓದುತ್ತಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ (1893–1972) 1915ರಲ್ಲಿ ಸ್ವದೇಶಕ್ಕೆ ಮರಳುವಾಗ ಈ ಪತ್ರಿಕೆಯ ಸಂಪುಟಗಳನ್ನು ಕೊಂಡುತಂದರು. ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥೆಯ ಬೆಂಗಳೂರು ಕೇಂದ್ರವು ರಾಮನಗರ, ಚನ್ನಪಟ್ಟಣಗಳಿಗೆ ಹೋಗುವ ಮೈಸೂರು ರಸ್ತೆಯಲ್ಲಿದೆ.

ಮಹಾಲನೋಬಿಸ್ ಅವರ ಪ್ರಸಿದ್ಧ ಕೊಡುಗೆ ಪಿಯರ್ಸನ್ ಅವರ ಇನ್ನೊಂದು ಅಳತೆಯ ವಿಮರ್ಶೆಯಿಂದ ಹುಟ್ಟಿತು. ಎರಡು ಜನಸಮೂಹಗಳು ದೇಹದ ಅಳತೆಗಳಲ್ಲಿ ಎಷ್ಟು ಭಿನ್ನ ಎಂದು ತಿಳಿಯಲು ಪಿಯರ್ಸನ್ ಮತ್ತು ಅವರ ಸಹೋದ್ಯೋಗಿಗಳು 1920ರ ದಶಕದಲ್ಲಿ ಒಂದು ಗುಣಾಂಕವನ್ನು ಬಳಸುತ್ತಿದ್ದರು. ಅದು ಎತ್ತರ, ತಲೆಯ ಉದ್ದ ಮೊದಲಾದ ಲಕ್ಷಣಗಳ ನಡುವಿನ ಸಹಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಎತ್ತರವೂ ಮೊಣಕಾಲಿನ ಎತ್ತರವೂ ಬಹುಮಟ್ಟಿಗೆ ಒಂದೇ ಸಂಗತಿಯನ್ನು ಹೇಳುವುದರಿಂದ, ಅವುಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಒಂದೇ ಭೇದವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಸಹಸಂಬಂಧಗಳನ್ನೂ ಒಳಗೊಂಡ ‘ಸಾಮಾನ್ಯೀಕೃತ ದೂರ’ವನ್ನು ಮಹಾಲನೋಬಿಸ್ 1936ರ ಲೇಖನದಲ್ಲಿ ವ್ಯಾಖ್ಯಾನಿಸಿದರು. ಅದು ಇಂದು ‘ಮಹಾಲನೋಬಿಸ್ ದೂರ’ ಎಂದೇ ಪ್ರಸಿದ್ಧ.

ಇದೇ ಸಂಸ್ಥೆಯನ್ನು 1941ರಲ್ಲಿ ಸೇರಿದ ಸಿ. ಆರ್. ರಾವ್ (1920–2023) ಅವರು ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ ಜನಿಸಿದವರು. ಸುಡಾನಿನ ಜೆಬೆಲ್ ಮೋಯಾದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಮಹಾಲನೋಬಿಸ್ ದೂರದ ನೆರವಿನಿಂದ ವಿಶ್ಲೇಷಿಸಲು ಅವರು 1946ರಲ್ಲಿ ಕೇಂಬ್ರಿಜ್‌ಗೆ ತೆರಳಿದರು. ಅಲ್ಲಿಯೇ ಆರ್. ಎ. ಫಿಶರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು. ಹಲವು ಚಲಕಗಳನ್ನು ಒಟ್ಟಿಗೆ ವಿಶ್ಲೇಷಿಸುವ ಶಾಖೆಯ ಪ್ರಮುಖ ನಿರ್ಮಾಪಕರಲ್ಲಿ ಒಬ್ಬರಾದ ಅವರಿಗೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು.

## ರೇಷ್ಮೆ ಕೃಷಿಯಲ್ಲಿ ಬಳಕೆ

ಗಾಲ್ಟನ್ ಬಟಾಣಿಯ ಬಗ್ಗೆ ಕೇಳಿದ ಪ್ರಶ್ನೆಯನ್ನು ರೇಷ್ಮೆ ತಳಿವಿಜ್ಞಾನಿಗಳು ಗೂಡಿನ ಬಗ್ಗೆ ಕೇಳುತ್ತಾರೆ. 2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ರಾಮನಗರ ಜಿಲ್ಲೆ ರಾಜ್ಯದ ಪ್ರಮುಖ ರೇಷ್ಮೆ ಪ್ರದೇಶ. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ರೈತರು ತರುವ ಮಿಶ್ರತಳಿ ಮತ್ತು ದ್ವಿತಳಿ ಗೂಡುಗಳನ್ನು ನೂಲು ಬಿಚ್ಚಾಣಿಕೆದಾರರು ಹರಾಜಿನಲ್ಲಿ ಕೊಳ್ಳುತ್ತಾರೆ. ಮಾಗಡಿ ಮತ್ತು ನೆರೆಯ ಕುಣಿಗಲ್ ಸೀಮೆಗಳು ಮೈಸೂರು ತಳಿಯ ಬಿತ್ತನೆಗೂಡಿಗೆ ಹೆಸರಾದವು.

ನೂಲು ಬಿಚ್ಚುವವರಿಗೆ ಬೇಕಾದದ್ದು ಕವಚದ ರೇಷ್ಮೆ, ಎಳೆಯ ಉದ್ದ ಮತ್ತು ಎಳೆ ತುಂಡಾಗದೆ ಬಿಚ್ಚಿಕೊಳ್ಳುವ ಗುಣ. ಇವುಗಳನ್ನು ತಿಳಿಯಲು ಗೂಡನ್ನು ಕತ್ತರಿಸಬೇಕು ಇಲ್ಲವೆ ಬೇಯಿಸಿ ಬಿಚ್ಚಬೇಕು. ಬೇಯಿಸಿ ಬಿಚ್ಚಿದ ಗೂಡಿನಿಂದ ಚಿಟ್ಟೆ ಹೊರಬಂದು ಮೊಟ್ಟೆ ಇಡುವ ಮಾತೇ ಇಲ್ಲ. ಹಾಗಾಗಿ ಗೂಡಿಗೆ ಹಾನಿಯಾಗದಂತೆ ಅಳೆಯಬಹುದಾದ ತೂಕ, ಗಾತ್ರ ಮುಂತಾದ ಲಕ್ಷಣಗಳು ಒಳಗಿನ ಗುಣಗಳೊಡನೆ ಎಷ್ಟು ಸಹಸಂಬಂಧ ಹೊಂದಿವೆ ಎಂಬುದು ತಳಿ ಆಯ್ಕೆಯಲ್ಲಿ ಮುಖ್ಯವಾಗುತ್ತದೆ. ತೊಡೆಮೂಳೆಯಿಂದ ಎತ್ತರವನ್ನು ಊಹಿಸುವ ಪ್ರಶ್ನೆಯ ಇನ್ನೊಂದು ರೂಪವಿದು.

ಹಿಂಚಲನೆಯ ಪಾಠವೂ ಇಲ್ಲಿ ಅನ್ವಯಿಸುತ್ತದೆ. ಅತಿ ತೂಕದ ಗೂಡುಗಳನ್ನೇ ಬಿತ್ತನೆಗೆ ಆರಿಸಿದರೂ ಮುಂದಿನ ಪೀಳಿಗೆಯ ಸರಾಸರಿ ಆ ಗೂಡುಗಳಷ್ಟು ತೂಗುವುದಿಲ್ಲ. ಆರಿಸಿದ ಗೂಡುಗಳ ಹೆಚ್ಚುವರಿ ತೂಕದಲ್ಲಿ ಒಂದಂಶ ತಳಿಯದು. ಉಳಿದದ್ದು ಆ ಬೆಳೆಗೆ ಸಿಕ್ಕ ಹಿಪ್ಪುನೇರಳೆ ಸೊಪ್ಪು, ಹವೆ ಮತ್ತು ಆರೈಕೆಯದು. ಎರಡನೆಯ ಅಂಶ ಸಂತತಿಗೆ ಹೋಗುವುದಿಲ್ಲ.

## ಮಿತಿಗಳು

ಕಾರಣವಲ್ಲ. ಎರಡು ಚಲಕಗಳು ಒಟ್ಟಿಗೆ ಏರಿಳಿಯುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಕಾಲದೊಂದಿಗೆ ಬದಲಾಗುವ ಯಾವ ಎರಡು ಸಂಗತಿಗಳೂ ಉನ್ನತ ಸಹಸಂಬಂಧ ತೋರಬಲ್ಲವು. ಪಿಯರ್ಸನ್ ಅವರ ಶಿಷ್ಯ ಉಡ್ನಿ ಯೂಲ್ (1871–1951) 1926ರಲ್ಲಿ ಇಂತಹವನ್ನು ‘ಅಸಂಬದ್ಧ ಸಹಸಂಬಂಧ’ಗಳೆಂದು ಕರೆದರು. 1866ರಿಂದ 1911ರವರೆಗಿನ ಅಂಕಿಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ವಿಧಿಯಂತೆ ನಡೆದ ಮದುವೆಗಳ ಪ್ರಮಾಣಕ್ಕೂ ಮರಣ ಪ್ರಮಾಣಕ್ಕೂ ನಡುವೆ 0.95ರಷ್ಟು ಸಹಸಂಬಂಧ ಇರುವುದನ್ನು ಅವರು ತೋರಿಸಿದರು. ಎರಡೂ ಆ ಅವಧಿಯಲ್ಲಿ ಇಳಿಮುಖವಾಗಿದ್ದವು, ಅಷ್ಟೆ.

ಅನುಪಾತಗಳ ಮೋಸ. ಸಾಮಾನ್ಯ ಛೇದವಿರುವ ಅನುಪಾತಗಳ ನಡುವೆ, ಮೂಲ ಅಳತೆಗಳು ಸಂಬಂಧವಿಲ್ಲದಿದ್ದರೂ, ಸಹಸಂಬಂಧ ಮೂಡುತ್ತದೆ ಎಂದು ಪಿಯರ್ಸನ್ 1897ರಲ್ಲಿಯೇ ಎಚ್ಚರಿಸಿ, ಅದನ್ನು ‘ಹುಸಿ ಸಹಸಂಬಂಧ’ ಎಂದರು. ಕವಚದ ತೂಕವನ್ನು ಗೂಡಿನ ತೂಕದಿಂದ ಭಾಗಿಸಿ ಪಡೆಯುವ ಕವಚದ ಶೇಕಡಾ ಪ್ರಮಾಣವನ್ನು ಮತ್ತೆ ಗೂಡಿನ ತೂಕದೊಡನೆ ಹೋಲಿಸುವಾಗಲೂ ಇದೇ ಎಚ್ಚರ ಅಗತ್ಯ. ಗೂಡಿನ ತೂಕ ಎರಡೂ ಕಡೆ ಕುಳಿತಿರುತ್ತದೆ.

ಬೆರೆತ ಗುಂಪುಗಳು. ಹೆಣ್ಣು ಹುಳುವಿನ ಗೂಡು ಪ್ಯೂಪದ ಭಾರದಿಂದಾಗಿ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಗಂಡಿನ ಗೂಡಿನಲ್ಲಿ ಕವಚದ ಶೇಕಡಾ ಪ್ರಮಾಣ ಹೆಚ್ಚು. ಎರಡನ್ನೂ ಬೆರೆಸಿ ಲೆಕ್ಕ ಹಾಕಿದರೆ ಬರುವ ಬೆಲೆ ಹೆಣ್ಣು, ಗಂಡುಗಳ ಭೇದವನ್ನು ಹೇಳುತ್ತದೆಯೇ ಹೊರತು ತೂಕ ಮತ್ತು ರೇಷ್ಮೆಯ ಸಂಬಂಧವನ್ನಲ್ಲ.

ಸರಳರೇಖೆಗೆ ಮಾತ್ರ. ಕನಕಪುರ, ಮಾಗಡಿ ಕಡೆ ಮಳೆಯಾಶ್ರಯದಲ್ಲಿ ಬೆಳೆಯುವ ರಾಗಿಗೆ ಮಳೆ ಕಡಿಮೆಯಾದರೂ ಕಷ್ಟ, ಅತಿಯಾದರೂ ನಷ್ಟ. ಐದು ಹಂತದ ಮಳೆಗೆ (1, 2, 3, 4, 5) ಇಳುವರಿ ಕ್ರಮವಾಗಿ 2, 5, 6, 5, 2 ಎಂದು ಕಲ್ಪಿಸಿಕೊಂಡರೆ ಗುಣಾಂಕ ಸರಿಯಾಗಿ ಸೊನ್ನೆ ಬರುತ್ತದೆ. ಮಳೆಗೂ ಇಳುವರಿಗೂ ಸಂಬಂಧವಿಲ್ಲ ಎಂದು ಇದರ ಅರ್ಥವಲ್ಲ. ಆ ಸಂಬಂಧ ಬಾಗಿದೆ ಎಂದು ಅರ್ಥ. ಅಂಕಿಗಳನ್ನು ಮೊದಲು ಚಿತ್ರವಾಗಿ ಬಿಡಿಸಿ ನೋಡಬೇಕೆಂಬ ಸಲಹೆಗೆ ಇದೇ ಕಾರಣ.

ಸಣ್ಣ ಮಾದರಿಗಳು. ಐದು ಗೂಡುಗಳಿಂದ ಬಂದ 0.92 ಮತ್ತು ಐನೂರು ಗೂಡುಗಳಿಂದ ಬಂದ 0.92 ಒಂದೇ ಭರವಸೆಗೆ ಅರ್ಹವಲ್ಲ. ಮಾದರಿಯ ಗಾತ್ರಕ್ಕೆ ತಕ್ಕಂತೆ ಗುಣಾಂಕ ಎಷ್ಟು ಏರುಪೇರಾಗುತ್ತದೆ ಎಂಬುದರ ನಿಖರ ಗಣಿತವನ್ನು ಫಿಶರ್ 1915ರಲ್ಲಿ ಒದಗಿಸಿದರು.

## ಸುಜನನಶಾಸ್ತ್ರದೊಂದಿಗಿನ ನಂಟು

ಈ ಅಳತೆಯ ಹುಟ್ಟನ್ನು ಅದರ ಕಾಲದ ಜನಾಂಗೀಯ ವಿಚಾರಗಳಿಂದ ಬೇರ್ಪಡಿಸಿ ಹೇಳಲಾಗದು. ಆಯ್ದ ಮನುಷ್ಯರ ಸಂತಾನವನ್ನು ಹೆಚ್ಚಿಸಿ ಜನಾಂಗವನ್ನು ‘ಉತ್ತಮ’ಗೊಳಿಸಬಹುದೆಂಬ ಸುಜನನಶಾಸ್ತ್ರಕ್ಕೆ ಅದರ ಇಂಗ್ಲಿಷ್ ಹೆಸರನ್ನು 1883ರಲ್ಲಿ ಕೊಟ್ಟವರು ಗಾಲ್ಟನ್. ಅವರ ಉಯಿಲಿನ ಹಣದಿಂದ ಸ್ಥಾಪನೆಯಾದ ಆ ವಿಷಯದ ಪೀಠಕ್ಕೆ 1911ರಲ್ಲಿ ಮೊದಲ ಪ್ರಾಧ್ಯಾಪಕರಾದವರು ಪಿಯರ್ಸನ್. ಮಕ್ಕಳು ತಂದೆತಾಯಿಯನ್ನು ಹೋಲುವ ಪ್ರಮಾಣವನ್ನು ಆನುವಂಶಿಕತೆಯೆಂದೇ ಓದಿ, ಬಡತನ, ಆಹಾರ, ಶಿಕ್ಷಣಗಳ ಪಾಲನ್ನು ಕಡೆಗಣಿಸಿದ್ದು ಈ ಪಂಥದ ದೊಡ್ಡ ದೋಷ. ಸಹಸಂಬಂಧದಿಂದ ಕಾರಣವನ್ನು ಊಹಿಸಬಾರದೆಂಬ ಎಚ್ಚರಿಕೆಯನ್ನು ಮೀರಿದಾಗ ಆಗುವ ಅನಾಹುತಕ್ಕೆ ಅದರ ಸ್ಥಾಪಕರ ಬದುಕೇ ಸಾಕ್ಷಿಯಾಯಿತು. 2020ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ತನ್ನ ಕಟ್ಟಡ ಹಾಗೂ ಸಭಾಂಗಣಗಳಿಂದ ಗಾಲ್ಟನ್ ಮತ್ತು ಪಿಯರ್ಸನ್ ಅವರ ಹೆಸರುಗಳನ್ನು ತೆಗೆದುಹಾಕಿತು. ಸೂತ್ರದ ಮೇಲಿನ ಹೆಸರು ಮಾತ್ರ ಹಾಗೆಯೇ ಉಳಿದಿದೆ.

## ಸಂಬಂಧಿತ ಅಳತೆಗಳು

* ಶ್ರೇಣಿ ಸಹಸಂಬಂಧ: ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಮಂಡಿಸಿದ ವಿಧಾನ. ಅಳತೆಗಳ ಬದಲು ಅವುಗಳ ಕ್ರಮಸ್ಥಾನಗಳನ್ನು ಬಳಸುವುದರಿಂದ, ಗೂಡಿನ ಗುಣಮಟ್ಟವನ್ನು ಒಂದನೆಯದು, ಎರಡನೆಯದು ಎಂದು ವಿಂಗಡಿಸಿದಾಗಲೂ ಅನ್ವಯಿಸಬಹುದು.
* ಕೆಂಡಲ್‌ರ ಟೌ: ಮಾರಿಸ್ ಕೆಂಡಲ್ 1938ರಲ್ಲಿ ಮಂಡಿಸಿದ್ದು. ಜೋಡಿಗಳು ಒಂದೇ ಕ್ರಮದಲ್ಲಿವೆಯೋ ತಿರುಗುಕ್ರಮದಲ್ಲಿವೆಯೋ ಎಂದು ಎಣಿಸುತ್ತದೆ.
* ಆಂಶಿಕ ಸಹಸಂಬಂಧ: ಮೂರನೆಯ ಚಲಕದ ಪ್ರಭಾವವನ್ನು ಕಳೆದು, ಉಳಿದ ಎರಡರ ನಡುವಿನ ಸಂಬಂಧವನ್ನು ಅಳೆಯುತ್ತದೆ.
* ನಿರ್ಧಾರಕ ಗುಣಾಂಕ: ಸಹಸಂಬಂಧ ಗುಣಾಂಕದ ವರ್ಗ. ಒಂದು ಚಲಕದ ಏರುಪೇರಿನಲ್ಲಿ ಎಷ್ಟು ಪಾಲನ್ನು ಇನ್ನೊಂದರ ಸರಳರೇಖೆಯಿಂದ ವಿವರಿಸಬಹುದು ಎಂಬುದನ್ನು ತಿಳಿಸುತ್ತದೆ. ಗುಣಾಂಕ 0.8 ಇದ್ದರೆ ಇದು 0.64.